ಆಟೋಮ್ಯಾಟಿಕ್ ಕಾರಿನ ಗೇರ್ ಆಯಿಲ್ ಬದಲಾವಣೆ: ಮನೆಯಂಗಳದಲ್ಲಿ ಎಷ್ಟು ಸಾಧ್ಯ, ಎಷ್ಟು ಸಲ್ಲದು

ಕ್ಲಚ್ ಪೆಡಲ್ ಇಲ್ಲದ ಕಾರು ಒಂದು ಕಾಲಕ್ಕೆ ಬೆಂಗಳೂರಿನ ಉಳ್ಳವರ ಸೊತ್ತೆನಿಸಿತ್ತು. ಇಂದು ಹಾವೇರಿಯ ಕಚೇರಿಗಳ ಆವರಣದಲ್ಲಿ, ರಾಣೆಬೆನ್ನೂರಿನ ಬಿತ್ತನೆ ಬೀಜದ ಅಂಗಡಿಗಳ ಮುಂದೆ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳೆದುರು ಅಂಥ ಕಾರುಗಳು ನಿತ್ಯವೂ ಕಾಣಸಿಗುತ್ತವೆ. ಇವುಗಳಲ್ಲಿ ಕೆಲವು ಹೊಸದಾಗಿ ಕೊಂಡವು. ಇನ್ನು ಕೆಲವು ದೊಡ್ಡ ನಗರಗಳಲ್ಲಿ ಐದಾರು ವರ್ಷ ಓಡಿ ಎರಡನೆಯ ಅಥವಾ ಮೂರನೆಯ ಒಡೆಯನ ಕೈಗೆ ಬಂದವು. ಎಂಜಿನ್ ಆಯಿಲನ್ನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುವ ಒಡೆಯರೂ ಗೇರ್‌ಬಾಕ್ಸ್ ಒಳಗಿನ ಎಣ್ಣೆಯ ವಿಚಾರ ಬಂದಾಗ ‘ಅದು ಕಾರಿನ ಆಯುಷ್ಯದವರೆಗೂ ಬರುತ್ತದೆ’ ಎಂಬ ಮಾತನ್ನು ನಂಬಿ ಸುಮ್ಮನಿದ್ದುಬಿಡುತ್ತಾರೆ.

ಈ ನಂಬಿಕೆ ದುಬಾರಿಯಾದುದು. ಗೇರ್‌ಬಾಕ್ಸ್ ಕೈಕೊಟ್ಟರೆ ಅದನ್ನು ಬಿಚ್ಚಿ ದುರಸ್ತಿ ಮಾಡಬಲ್ಲ ತಜ್ಞರು ಸಣ್ಣ ಪಟ್ಟಣಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಕಾರನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕಾಗುತ್ತದೆ. ಇಡೀ ಗೇರ್‌ಬಾಕ್ಸ್ ಬದಲಿಸುವ ಪ್ರಸಂಗ ಬಂದರೆ ಖರ್ಚು ಲಕ್ಷ ರೂಪಾಯಿ ದಾಟುವುದುಂಟು. ಅದೇ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವ ಖರ್ಚು ಕೆಲವು ಸಾವಿರ ರೂಪಾಯಿಗಳದ್ದು. ಕೈಯಲ್ಲಿ ಪಾನಾ ಹಿಡಿದು ಅಭ್ಯಾಸವಿರುವವರು ಈ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದೇ ಎಂದು ಕೇಳುವುದು ಸಹಜ. ಕೆಲವು ಬಗೆಯ ಕಾರುಗಳಲ್ಲಿ ಮಾಡಬಹುದು, ಕೆಲವದರಲ್ಲಿ ಕೈಹಾಕಲೇಬಾರದು. ಈ ವ್ಯತ್ಯಾಸವನ್ನು ಅರಿಯದೆ ಆರಂಭಿಸಿದ ಕೆಲಸವು ಎಣ್ಣೆ ಬದಲಿಸದೆ ಬಿಟ್ಟದ್ದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು.

ಮೊದಲು ತಿಳಿಯಬೇಕಾದದ್ದು ಯಾವ ಗೇರ್‌ಬಾಕ್ಸ್ ಎಂಬುದು

‘ಆಟೋಮ್ಯಾಟಿಕ್’ ಎಂಬ ಒಂದೇ ಪದವು ನಮ್ಮಲ್ಲಿ ಕನಿಷ್ಠ ನಾಲ್ಕು ಬಗೆಯ ಯಂತ್ರಗಳನ್ನು ಸೂಚಿಸುತ್ತಿದೆ. ಗೊಂದಲದ ಮೂಲವಿರುವುದು ಇಲ್ಲಿಯೇ.

ಮೊದಲನೆಯದು ಟಾರ್ಕ್ ಕನ್ವರ್ಟರ್ ಉಳ್ಳ ಸಾಂಪ್ರದಾಯಿಕ ಆಟೋಮ್ಯಾಟಿಕ್. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಆರು ಗೇರುಗಳ ಆಟೋಮ್ಯಾಟಿಕ್ ಈ ಜಾತಿಯದು. ಎರಡನೆಯದು ಸಿವಿಟಿ. ಇದರಲ್ಲಿ ಹಲ್ಲುಗಳ ಗೇರುಗಳ ಬದಲು ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿಯೊಂದು ಓಡುತ್ತದೆ. ರಾಟೆಗಳು ಹಿಗ್ಗಿ ಕುಗ್ಗುವುದರಿಂದ ವೇಗದ ಅನುಪಾತ ಬದಲಾಗುತ್ತದೆ. ಮೂರನೆಯದು ಎರಡು ಕ್ಲಚ್‌ಗಳ ಡಿಸಿಟಿ. ನಾಲ್ಕನೆಯದಾದ ಎಎಂಟಿ ವಾಸ್ತವವಾಗಿ ಸಾಧಾರಣ ಮ್ಯಾನ್ಯುಯಲ್ ಗೇರ್‌ಬಾಕ್ಸೇ ಆಗಿದ್ದು, ಚಾಲಕನ ಕೈಕಾಲು ಮಾಡುತ್ತಿದ್ದ ಕೆಲಸವನ್ನು ಯಂತ್ರದ ತೋಳುಗಳು ಮಾಡುತ್ತವೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಎಎಂಟಿ ಭಾರತಕ್ಕೆ ಬಂದ ಬಳಿಕವೇ ಕ್ಲಚ್ ಇಲ್ಲದ ಕಾರು ಮಧ್ಯಮ ವರ್ಗದ ಮನೆಬಾಗಿಲಿಗೆ ಬಂದಿತೆನ್ನಬಹುದು.

ಈ ನಾಲ್ಕಕ್ಕೂ ಬೇಕಾದ ಎಣ್ಣೆಗಳು ಬೇರೆ ಬೇರೆ. ಎಎಂಟಿಗೆ ಬೇಕಾದುದು ಮ್ಯಾನ್ಯುಯಲ್ ಕಾರಿನ ಗೇರ್ ಆಯಿಲೇ ಹೊರತು ಕೆಂಪು ಬಣ್ಣದ ಎಟಿಎಫ್ ಅಲ್ಲ. ಸಿವಿಟಿಯಲ್ಲಿ ಉಕ್ಕಿನ ಪಟ್ಟಿಯು ರಾಟೆಯನ್ನು ಜಾರದೆ ಹಿಡಿಯಲು ವಿಶೇಷ ಘರ್ಷಣ ಗುಣವುಳ್ಳ ದ್ರವ ಬೇಕು. ಅದರಲ್ಲಿ ಸಾಮಾನ್ಯ ಎಟಿಎಫ್ ಸುರಿದರೆ ಪಟ್ಟಿ ಜಾರಿ ರಾಟೆಯ ಮೈ ಗೀಚಿಹೋಗುತ್ತದೆ. ಡಿಸಿಟಿಯಲ್ಲಿ ಒಣ ಕ್ಲಚ್, ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಎಂಬ ಎರಡು ಒಳಭೇದಗಳಿದ್ದು, ಅವುಗಳ ಎಣ್ಣೆಯೂ ಒಂದೇ ಅಲ್ಲ.

ಕಾರಿನ ಹೆಸರನ್ನು ನಂಬಿ ತೀರ್ಮಾನಿಸುವುದು ತರವಲ್ಲ. 2015ರಿಂದ ಮಾರಾಟವಾದ ಬಲೆನೊ ಆಟೋಮ್ಯಾಟಿಕ್‌ನಲ್ಲಿ ಸಿವಿಟಿ ಇತ್ತು. 2022ರ ಆರಂಭದಲ್ಲಿ ಹೊಸ ರೂಪ ತಾಳಿದ ಬಲೆನೊದಲ್ಲಿ ಅದರ ಜಾಗಕ್ಕೆ ಎಎಂಟಿ ಬಂದಿತು. ಮಾರುತಿ ಸಂಸ್ಥೆ ಅದನ್ನು ಎಜಿಎಸ್ ಎಂದು ಕರೆಯುತ್ತದೆ. 2020ರ ಹುಂಡೈ ಕ್ರೆಟಾದ ಕಥೆ ಇನ್ನೂ ಸ್ವಾರಸ್ಯಕರ. ಡೀಸೆಲ್ ಕ್ರೆಟಾಕ್ಕೆ ಟಾರ್ಕ್ ಕನ್ವರ್ಟರ್, ಸಾಧಾರಣ ಪೆಟ್ರೋಲ್ ಕ್ರೆಟಾಕ್ಕೆ ಐವಿಟಿ ಎಂಬ ಹೆಸರಿನ ಸಿವಿಟಿ, ಟರ್ಬೊ ಪೆಟ್ರೋಲಿಗೆ ಡಿಸಿಟಿ. ಒಂದೇ ಬೀದಿಯಲ್ಲಿ ನಿಂತ ಮೂರು ‘ಆಟೋಮ್ಯಾಟಿಕ್ ಕ್ರೆಟಾ’ಗಳಿಗೆ ಮೂರು ಬಗೆಯ ಎಣ್ಣೆ ಬೇಕಾಗಬಹುದು. ಆದಕಾರಣ ನೆರೆಯವರ ಕಾರಿಗೆ ಹಾಕಿದ್ದನ್ನು ಕೇಳಿ ತಿಳಿಯುವ ಬದಲು, ತಮ್ಮ ಕಾರಿನ ಮಾಲೀಕರ ಕೈಪಿಡಿಯಲ್ಲಿ ಎಣ್ಣೆಯ ಹೆಸರನ್ನು ನೋಡಿಕೊಳ್ಳುವುದು ಒಳಿತು. ಕೈಪಿಡಿ ಕಳೆದುಹೋಗಿದ್ದರೆ ಕಂಪನಿಯ ಬಿಡಿಭಾಗಗಳ ಕೌಂಟರಿನಲ್ಲಿ ಚಾಸಿ ಸಂಖ್ಯೆ ಕೊಟ್ಟು ವಿಚಾರಿಸಬಹುದು.

ಕೆಂಪು ಎಣ್ಣೆಯ ಕೆಲಸ

ಎಂಜಿನ್ ಆಯಿಲ್ ಮುಖ್ಯವಾಗಿ ಜಾರಿಸುವ ಕೆಲಸ ಮಾಡುತ್ತದೆ. ಟಾರ್ಕ್ ಕನ್ವರ್ಟರ್ ಉಳ್ಳ ಗೇರ್‌ಬಾಕ್ಸ್‌ನ ದ್ರವವಾದರೋ ನಾಲ್ಕು ಕೆಲಸಗಳನ್ನು ಏಕಕಾಲಕ್ಕೆ ನಿರ್ವಹಿಸಬೇಕು. ಎಂಜಿನ್ನಿನ ಶಕ್ತಿಯನ್ನು ಗಾಲಿಗಳತ್ತ ದಾಟಿಸುವುದು ಅದೇ ದ್ರವದ ಸುಳಿ. ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿ ಗೇರ್ ಬದಲಿಸುವುದು ಅದೇ ದ್ರವದ ಒತ್ತಡ. ಹಲ್ಲುಗಳನ್ನು ಸವೆಯದಂತೆ ಕಾಯುವುದೂ, ಹುಟ್ಟಿದ ಬಿಸಿಯನ್ನು ಹೊತ್ತೊಯ್ದು ಕೂಲರಿಗೆ ಒಪ್ಪಿಸುವುದೂ ಅದೇ. ಸ್ವಾರಸ್ಯವೆಂದರೆ ಈ ಎಣ್ಣೆಯು ಹಲ್ಲುಗಳ ನಡುವೆ ಜಾರಬೇಕು, ಕ್ಲಚ್ ಬಿಲ್ಲೆಗಳ ನಡುವೆ ಹಿಡಿತ ಕೊಡಬೇಕು. ಈ ಎರಡು ವಿರುದ್ಧ ಗುಣಗಳನ್ನು ಒಂದೇ ಡಬ್ಬಿಯಲ್ಲಿ ಸೇರಿಸುವುದು ರಾಸಾಯನಿಕ ಮಿಶ್ರಣಗಳ ಹದ. ಹಳೆಯದಾದಾಗ ಮೊದಲು ಕಳೆದುಹೋಗುವುದು ಆ ಹದವೇ.

ಇತಿಹಾಸದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1939ರಲ್ಲಿ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸನ್ನು ಹೊರತಂದಿತು. ಮುಂದಿನ ದಶಕಗಳಲ್ಲಿ ಅಲ್ಲಿನ ಗೇರ್‌ಬಾಕ್ಸ್ ಎಣ್ಣೆಗಳಲ್ಲಿ ಈ ಹಿಡಿತ–ಜಾರಿಕೆಯ ಹದವನ್ನು ಕೊಡುತ್ತಿದ್ದುದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ತಿಮಿಂಗಿಲವು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿ 1970ರ ದಶಕದ ಆರಂಭದಲ್ಲಿ ಆ ಎಣ್ಣೆಯ ಬಳಕೆ ನಿಂತಾಗ, ತಕ್ಕ ಬದಲಿ ಸಿಗುವವರೆಗೆ ಅಮೆರಿಕದಲ್ಲಿ ಗೇರ್‌ಬಾಕ್ಸ್‌ಗಳು ಕೆಡುವ ಪ್ರಮಾಣ ಏರಿತು. ಎಣ್ಣೆಯೊಳಗಿನ ಅಲ್ಪ ಪ್ರಮಾಣದ ಮಿಶ್ರಣವೊಂದು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಕೆಂಪು ಬಣ್ಣಕ್ಕೆ ಮಾತ್ರ ಯಾವ ಗುಣವೂ ಇಲ್ಲ. ಸೋರಿದಾಗ ಎಂಜಿನ್ ಆಯಿಲಿನಿಂದ ಬೇರೆಯಾಗಿ ಗುರುತು ಸಿಗಲೆಂದು ಬೆರೆಸಿದ ಬಣ್ಣವದು.

‘ಸ್ಟೀರಿಂಗ್ ಆಯಿಲ್’ ತಂದೊಡ್ಡುವ ಅಪಾಯ

ಹಾವೇರಿ ಜಿಲ್ಲೆಯ ಮೂಲಕ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದು ಈಗ 48 ಎಂಬ ಸಂಖ್ಯೆ ಪಡೆದಿರುವ ಈ ರಸ್ತೆಯ ಬದಿಯ ಆಯಿಲ್ ಅಂಗಡಿಗಳು ಬಹುಕಾಲದಿಂದ ಲಾರಿ ಮತ್ತು ಟ್ರ್ಯಾಕ್ಟರುಗಳನ್ನು ನಂಬಿ ಬೆಳೆದವು. ಇಂಥ ಅಂಗಡಿಯಲ್ಲಿ ‘ಎಟಿಎಫ್ ಕೊಡಿ’ ಎಂದು ಕೇಳಿದರೆ ಕೆಂಪು ಎಣ್ಣೆಯ ಡಬ್ಬಿಯೊಂದು ಕೈಗೆ ಬರುತ್ತದೆ. ಅದು ಸುಳ್ಳು ಎಟಿಎಫ್ ಅಲ್ಲ. ಆದರೆ ಲಾರಿಗಳ ಪವರ್ ಸ್ಟೀರಿಂಗ್‌ಗೆ ಬಳಸುವ ಹಳೆಯ ದರ್ಜೆಯದು. ಡಬ್ಬಿಯ ಮೇಲೆ ‘ಟೈಪ್ ಎ’ ಅಥವಾ ‘ಡೆಕ್ಸ್‌ರಾನ್ 2’, ‘ಡೆಕ್ಸ್‌ರಾನ್ 3’ ಎಂದಿರುತ್ತದೆ. ಟೈಪ್ ಎ ಎಂಬುದು 1949ರಷ್ಟು ಹಿಂದಿನ ಮಾನದಂಡ. ಸ್ಟೀರಿಂಗ್ ಕೆಲಸಕ್ಕೆ ಅದು ಸರಿಹೋಗಬಹುದು. ಆದರೆ ಇಂದಿನ ಆರು ಗೇರುಗಳ ಆಟೋಮ್ಯಾಟಿಕ್‌ಗೆ ಟೊಯೊಟಾ ಸಂಸ್ಥೆ ‘ಡಬ್ಲ್ಯೂಎಸ್’, ಹುಂಡೈ ಸಂಸ್ಥೆ ‘ಎಸ್‌ಪಿ 4’ ಎಂಬ ತೆಳುವಾದ, ಬೇರೆಯೇ ಹದದ ದ್ರವಗಳನ್ನು ಸೂಚಿಸುತ್ತವೆ. ಹೋಂಡಾದ ಸಿವಿಟಿಗಳಿಗೆ ‘ಎಚ್‌ಸಿಎಫ್ 2’ ಎಂಬ ಪ್ರತ್ಯೇಕ ದ್ರವವಿದೆ. ಬಣ್ಣ ಒಂದೇ ಎಂದು ಒಂದರ ಬದಲು ಇನ್ನೊಂದನ್ನು ಸುರಿಯುವಂತಿಲ್ಲ.

ಟ್ರ್ಯಾಕ್ಟರ್ ಇರುವ ಮನೆಗಳಲ್ಲಿ ಇನ್ನೊಂದು ಪ್ರಲೋಭನೆಯುಂಟು. ಟ್ರ್ಯಾಕ್ಟರಿನ ಹಿಂಬದಿಯ ಗೇರ್, ಹೈಡ್ರಾಲಿಕ್ ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಮೂರಕ್ಕೂ ಒಂದೇ ಎಣ್ಣೆ ಸಾಕಾಗುವುದರಿಂದ, ಇಪ್ಪತ್ತು ಲೀಟರ್ ಡಬ್ಬಿಯಲ್ಲಿ ಉಳಿದದ್ದನ್ನು ಕಾರಿಗೂ ಹಾಕಿದರಾಯಿತು ಎನಿಸುತ್ತದೆ. ಹಾಕಬಾರದು.

‘ಎಲ್ಲ ಆಟೋಮ್ಯಾಟಿಕ್‌ಗಳಿಗೂ ಸಲ್ಲುತ್ತದೆ’ ಎಂದು ಬರೆದ ಡಬ್ಬಿಗಳ ವಿಷಯದಲ್ಲಿ ಮತಭೇದವಿದೆ. ಹೆಸರಾಂತ ತಯಾರಕರ ಬಹುಬಳಕೆಯ ದ್ರವಗಳು ಕೆಲವು ಮಾನದಂಡಗಳನ್ನು ನಿಜಕ್ಕೂ ಪೂರೈಸುತ್ತವೆ. ಆದರೂ ಲೀಟರಿಗೆ ಕೆಲವು ನೂರು ರೂಪಾಯಿ ಉಳಿಸಲು ಲಕ್ಷದ ಯಂತ್ರವನ್ನು ಪಣಕ್ಕೊಡ್ಡುವುದು ವಿವೇಕವಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಕಂಪನಿಯ ದ್ರವವನ್ನು ಸೀಲು ಮುರಿಯದ ಡಬ್ಬಿಯಲ್ಲಿ, ರಸೀದಿಯೊಂದಿಗೆ ಕೊಳ್ಳುವುದು ಲೇಸು.

ಯಾವಾಗ ಬದಲಿಸಬೇಕು

ಕೆಲವು ತಯಾರಕರ ಕೈಪಿಡಿಗಳಲ್ಲಿ ಈ ದ್ರವವನ್ನು ಬದಲಿಸುವ ಸೂಚನೆಯೇ ಇರುವುದಿಲ್ಲ. ಆದರೆ ಬಿಎಂಡಬ್ಲ್ಯೂ ಮುಂತಾದ ಕಾರುಗಳಿಗೆ ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಸಂಸ್ಥೆ ತನ್ನ ಗೇರ್‌ಬಾಕ್ಸ್‌ಗಳಿಗೆ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್ ಅಥವಾ ಎಂಟು ವರ್ಷಗಳೊಳಗೆ ಎಣ್ಣೆ ಬದಲಿಸಲು ಹೇಳುತ್ತದೆ. ಗೇರ್‌ಬಾಕ್ಸ್ ಮಾಡಿದವರ ಮಾತಿಗೂ ಕಾರು ಮಾರುವವರ ಮಾತಿಗೂ ಇರುವ ಈ ಅಂತರ ಗಮನಾರ್ಹ.

ಕೈಪಿಡಿಗಳಲ್ಲಿ ‘ಕಠಿಣ ಬಳಕೆ’ ಎಂಬ ಒಂದು ಪಟ್ಟಿಯೂ ಇರುತ್ತದೆ. ಧೂಳು, ಹೆಚ್ಚಿನ ಉಷ್ಣಾಂಶ, ಮೇಲಿಂದ ಮೇಲೆ ನಿಂತು ಸಾಗುವ ಸಂಚಾರ, ಅಲ್ಪ ದೂರದ ಓಡಾಟ, ಘಟ್ಟದ ರಸ್ತೆ, ಹೆಚ್ಚು ಹೊರೆ ಮೊದಲಾದವು ಅದರಲ್ಲಿ ಬರುತ್ತವೆ. ಹಾವೇರಿ ಸೀಮೆಯ ಕಾರೊಂದು ಇವೆಲ್ಲವನ್ನೂ ಒಂದೇ ವರ್ಷದಲ್ಲಿ ಕಾಣುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲು ಹಾಗಿರಲಿ, ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಗೆ ಚೀಲ ಹೊತ್ತ ವಾಹನಗಳು ಸಾಲುಗಟ್ಟಿದಾಗ ಬ್ಯಾಡಗಿಯ ಮುಖ್ಯರಸ್ತೆಯಲ್ಲಿ ಕಾರು ಇರುವೆಯಂತೆ ತೆವಳಬೇಕಾಗುತ್ತದೆ. ಟಾರ್ಕ್ ಕನ್ವರ್ಟರ್‌ಗೆ ಹೆದ್ದಾರಿಯ ಓಟಕ್ಕಿಂತ ಈ ತೆವಳುವಿಕೆಯೇ ಹೆಚ್ಚು ಬಿಸಿ. ಎಣ್ಣೆಯ ಉಷ್ಣಾಂಶವು ಸುಮಾರು ಹತ್ತು ಡಿಗ್ರಿ ಏರಿದಂತೆ ಅದು ಕೆಡುವ ವೇಗ ಇಮ್ಮಡಿಯಾಗುತ್ತದೆಂಬುದು ಸ್ಥೂಲ ಲೆಕ್ಕ. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟೆಯ ಕಡಲು ನೋಡಿ ಬರುವ ರೂಢಿಯಿದ್ದವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಥ ಬಳಕೆಯಲ್ಲಿ ಕೈಪಿಡಿಯ ಕಠಿಣ ಬಳಕೆಯ ಅವಧಿಯೇ ನಮ್ಮ ಸಾಧಾರಣ ಅವಧಿಯಾಗಬೇಕು. ಕೈಪಿಡಿ ಮೌನವಾಗಿದ್ದರೆ ಟಾರ್ಕ್ ಕನ್ವರ್ಟರ್‌ಗೆ 60ರಿಂದ 80 ಸಾವಿರ, ಸಿವಿಟಿಗೆ 40ರಿಂದ 60 ಸಾವಿರ ಕಿಲೋಮೀಟರ್ ಎಂಬುದು ಅನೇಕ ತಜ್ಞರು ಪಾಲಿಸುವ ಸುರಕ್ಷಿತ ಮಿತಿ.

ಬಣ್ಣ ನೋಡಿ ಹೇಳಬಹುದೇ? ಬಣ್ಣದಿಂದಲೇ ಬೆಲೆ ಕಟ್ಟುವ ಊರು ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಲ್ಲಿನ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣವೇ ಬಂಡವಾಳ. ಆದರೆ ಎಟಿಎಫ್ ವಿಷಯದಲ್ಲಿ ಬಣ್ಣ ಅರ್ಧ ಸಾಕ್ಷಿ ಮಾತ್ರ. ಕೆಲವು ದ್ರವಗಳು ಹತ್ತು ಸಾವಿರ ಕಿಲೋಮೀಟರಿನಲ್ಲಿಯೇ ಕಂದಿದರೂ ಗುಣ ಉಳಿಸಿಕೊಂಡಿರುತ್ತವೆ. ಸಿವಿಟಿ ದ್ರವಗಳಂತೂ ಹಲವು ಸಂದರ್ಭಗಳಲ್ಲಿ ಕೆಂಪಾಗಿರುವುದೇ ಇಲ್ಲ. ಜೇನಿನ ಬಣ್ಣದವೂ ಹಸಿರು ಛಾಯೆಯವೂ ಇವೆ. ಬಣ್ಣದ ಜೊತೆಗೆ ವಾಸನೆಯನ್ನೂ ಪರೀಕ್ಷಿಸಬೇಕು. ಕಪ್ಪಾಗಿ, ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ ಬಿಲ್ಲೆಗಳು ಸುಟ್ಟಿರುವ ಸೂಚನೆ. ಮಜ್ಜಿಗೆಗೆ ಕುಂಕುಮ ಕಲಸಿದಂಥ ಗುಲಾಬಿ ಬಣ್ಣ ಕಂಡರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಬೆರೆತಿದೆ ಎಂದರ್ಥ. ಅಂಥ ಕಾರನ್ನು ಚಾಲೂ ಮಾಡದೆ ಲಾರಿಯ ಮೇಲೆಯೇ ಒಯ್ಯಬೇಕು. ಹಳೆಯ ಕಾರು ಕೊಳ್ಳುವವರಿಗೆ ಈ ಪರೀಕ್ಷೆ ವಿಶೇಷವಾಗಿ ಉಪಯುಕ್ತ. ಓಡಿದ ದೂರದ ಮೀಟರನ್ನು ತಿರುಗಿಸಬಹುದು, ಗೇರ್‌ಬಾಕ್ಸ್‌ನ ತಳದಲ್ಲಿ ಕುಳಿತ ಎಣ್ಣೆಯನ್ನು ತಿದ್ದಲು ನೆನಪಿಸಿಕೊಳ್ಳುವವರು ಕಡಿಮೆ.

ಯಾರು ಕೈಹಾಕಬಾರದು

ವಾರಂಟಿ ಅವಧಿಯೊಳಗಿನ ಕಾರನ್ನು ಮನೆಯಲ್ಲಿ ಬಿಚ್ಚಬಾರದು. ಡಿಸಿಟಿಗಳನ್ನು ಮನೆಗೆಲಸದ ಪಟ್ಟಿಯಿಂದಲೇ ಕೈಬಿಡುವುದು ಕ್ಷೇಮ. ಎಎಂಟಿಯಲ್ಲಿ ಗೇರ್ ಆಯಿಲ್ ಬದಲಿಸುವುದು ಸುಲಭವಾದರೂ, ಗೇರ್ ಬದಲಿಸುವ ತೋಳುಗಳನ್ನು ನಡೆಸುವ ಹೈಡ್ರಾಲಿಕ್ ದ್ರವ ಬೇರೆಯೇ ಇದ್ದು, ಅದರ ತಂಟೆಗೆ ಹೋಗಬಾರದು.

ಒಂದೂವರೆ ಲಕ್ಷ ಕಿಲೋಮೀಟರ್ ಓಡಿ ಒಮ್ಮೆಯೂ ಎಣ್ಣೆ ಕಾಣದ, ಗೇರ್ ಬೀಳುವಾಗ ಜಾರುವ ಅಥವಾ ಹೊಡೆತ ಕೊಡುವ ಕಾರಿನ ಮಾತು ಬೇರೆ. ‘ಹೊಸ ಎಣ್ಣೆ ಹಾಕಿದ ಮೇಲೆಯೇ ಕೆಟ್ಟಿತು’ ಎಂಬ ದೂರು ಹುಟ್ಟುವುದು ಹೆಚ್ಚಾಗಿ ಇಂಥ ಕಾರುಗಳಿಂದ. ಅಲ್ಲಿ ಬಿಲ್ಲೆಗಳು ಮೊದಲೇ ಸವೆದಿರುತ್ತವೆ. ಎಣ್ಣೆ ಅದನ್ನು ಮರಳಿ ಬೆಳೆಸಲಾರದು. ಯಂತ್ರದಿಂದ ಒತ್ತಡ ಕೊಟ್ಟು ತೊಳೆಯುವ ‘ಫ್ಲಶಿಂಗ್’ ಇಂಥ ಗೇರ್‌ಬಾಕ್ಸ್‌ಗೆ ಇನ್ನಷ್ಟು ಅಪಾಯಕಾರಿ, ಏಕೆಂದರೆ ತಳದಲ್ಲಿ ಕುಳಿತ ಕಸ ಎದ್ದು ಕೂದಲೆಳೆಯಷ್ಟು ಸಣ್ಣ ಎಣ್ಣೆದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು.

ಕೆಲಸದ ಕ್ರಮ

ಉಳಿದಂತೆ, ಸುಸ್ಥಿತಿಯಲ್ಲಿರುವ ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಗೇರ್‌ಬಾಕ್ಸ್‌ನಲ್ಲಿ ಹಳೆಯದನ್ನು ಇಳಿಸಿ ಅಷ್ಟೇ ಹೊಸದನ್ನು ತುಂಬುವ ಕ್ರಮ ಮನೆಯಲ್ಲಿ ಸಾಧ್ಯ. ಸ್ಥಳ ಸಮತಟ್ಟಾಗಿರಬೇಕು ಮತ್ತು ನೆಲ ಗಟ್ಟಿಯಾಗಿರಬೇಕು. ಎರೆಮಣ್ಣಿನ ಅಂಗಳದಲ್ಲಿ ಜಾಕ್ ನಿಧಾನವಾಗಿ ಕುಸಿಯುತ್ತದೆ. ಕಾರಿನ ಜೊತೆ ಬಂದ ಜಾಕ್ ಗಾಲಿ ಬದಲಿಸಲಷ್ಟೇ ಯೋಗ್ಯ. ಅದನ್ನೋ, ಇಟ್ಟಿಗೆಯ ಅಟ್ಟಣೆಯನ್ನೋ ನಂಬಿ ಕಾರಿನ ಕೆಳಗೆ ನುಸುಳಬಾರದು. ಭಾರ ತಾಳುವ ಕಬ್ಬಿಣದ ಸ್ಟ್ಯಾಂಡುಗಳು ಬೇಕೇ ಬೇಕು. ವಾಸ್ತವವಾಗಿ ಮೂರೂ ಪಟ್ಟಣಗಳಲ್ಲಿ ಕಾರು ತೊಳೆಯುವ ಸರ್ವಿಸ್ ಸ್ಟೇಷನ್‌ಗಳಿದ್ದು, ಒಂದು ತಾಸಿನ ಬಾಡಿಗೆಗೆ ಲಿಫ್ಟ್ ಸಿಕ್ಕರೆ ಅಂಗಳದಲ್ಲಿ ಒದ್ದಾಡುವುದಕ್ಕಿಂತ ಅದೇ ಮೇಲು. ಇಳಿಜಾರಿನ ರ್‍ಯಾಂಪ್ ಮಾತ್ರ ಈ ಕೆಲಸಕ್ಕೆ ಬಾರದು, ಏಕೆಂದರೆ ಕಾರು ವಾಲಿದ್ದರೆ ಎಣ್ಣೆಯ ಮಟ್ಟದ ಅಳತೆ ತಪ್ಪುತ್ತದೆ.

ಎಲ್ಲಕ್ಕಿಂತ ಮೊದಲು ಬಿಚ್ಚಬೇಕಾದುದು ಎಣ್ಣೆ ತುಂಬುವ ಬೋಲ್ಟ್. ಇಳಿಸುವ ಬೋಲ್ಟನ್ನು ಮೊದಲು ಬಿಚ್ಚಿ, ಎಣ್ಣೆಯೆಲ್ಲ ಹೋದ ಮೇಲೆ ತುಂಬುವ ಬೋಲ್ಟ್ ತುಕ್ಕು ಹಿಡಿದು ತಿರುಗದಿದ್ದರೆ ಕಾರು ಅಲ್ಲಿಯೇ ಉಳಿಯುತ್ತದೆ. ಎರಡು ಬೋಲ್ಟುಗಳನ್ನೂ ಕೈಪಿಡಿಯ ಚಿತ್ರ ನೋಡಿ ಖಚಿತಪಡಿಸಿಕೊಳ್ಳಬೇಕು. ಎಂಜಿನ್ ಆಯಿಲಿನ ಬೋಲ್ಟನ್ನು ಗೇರ್‌ಬಾಕ್ಸಿನದೆಂದು ಬಿಚ್ಚಿ, ಬಳಿಕ ಗೇರ್‌ಬಾಕ್ಸ್‌ಗೆ ಇಮ್ಮಡಿ ಎಣ್ಣೆ ತುಂಬಿ, ಎಂಜಿನ್ನನ್ನು ಒಣಗಿಸಿದ ಪ್ರಕರಣಗಳು ಜಗತ್ತಿನ ಎಲ್ಲೆಡೆ ಇವೆ.

ಕಾರನ್ನು ಹತ್ತು ನಿಮಿಷ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಇಳಿಸುವುದು ವಾಡಿಕೆ. ಕುದಿಬಿಸಿ ಇರಬಾರದು, ಕೈ ಸುಡುತ್ತದೆ. ಇಳಿದ ಎಣ್ಣೆಯನ್ನು ಅಳತೆಯ ಗೆರೆಗಳಿರುವ ಕ್ಯಾನಿನಲ್ಲಿ ಹಿಡಿದು ಎಷ್ಟು ಬಂದಿತೆಂದು ಬರೆದಿಡಬೇಕು. ಹೊಸದನ್ನು ಅಷ್ಟೇ ತುಂಬುವುದು ಮೊದಲ ಹೆಜ್ಜೆ. ಒಟ್ಟು ಆರೇಳು ಲೀಟರ್ ಹಿಡಿಯುವ ಗೇರ್‌ಬಾಕ್ಸ್‌ನಿಂದ ಒಮ್ಮೆಗೆ ಮೂರರಿಂದ ನಾಲ್ಕು ಲೀಟರ್ ಮಾತ್ರ ಇಳಿಯುವುದರಿಂದ ಗಾಬರಿಯಾಗಬೇಕಿಲ್ಲ. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಒಳಗೆ ಇರುತ್ತದೆ. ಪ್ರತಿ ಬಾರಿ ಅರ್ಧದಷ್ಟು ಬದಲಾದರೆ, ಎರಡನೆಯ ಬಾರಿಗೆ ಮುಕ್ಕಾಲು ಪಾಲು ಹೊಸದಾಗುತ್ತದೆ. ನಡುವೆ ಸಾವಿರ ಕಿಲೋಮೀಟರಿನಷ್ಟು ಓಡಿಸಿ ಎರಡನೆಯ ಬಾರಿ ಬದಲಿಸುವುದು ಅವಸರವಿಲ್ಲದ, ಗೇರ್‌ಬಾಕ್ಸ್‌ಗೂ ಹಿತವಾದ ಮಾರ್ಗ.

ತಳದ ತಟ್ಟೆಯನ್ನು ಬಿಚ್ಚಿ ಫಿಲ್ಟರ್ ಬದಲಿಸುವ ಅವಕಾಶ ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಇದೆ. ತಟ್ಟೆಯಲ್ಲಿರುವ ಅಯಸ್ಕಾಂತಗಳಿಗೆ ಕಾಡಿಗೆಯಂಥ ನುಣುಪಾದ ಬೂದು ಲೇಪ ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಿಕ್ಕರೆ ಕೆಲಸ ಅಲ್ಲಿಗೆ ನಿಲ್ಲಿಸಿ ತಜ್ಞರನ್ನು ಕಾಣಬೇಕು. ತಟ್ಟೆಯ ಬೋಲ್ಟುಗಳು ಸಣ್ಣವು. ಅವುಗಳನ್ನು ಎದುರುಬದುರಾಗಿ, ಕೈಪಿಡಿ ಹೇಳಿದ ಬಿಗಿತಕ್ಕೆ ಮಾತ್ರ ಬಿಗಿಯಬೇಕು. ಬಲ ಹಾಕಿದರೆ ಅಲ್ಯುಮಿನಿಯಂ ಮೈಯ ಮರೆ ಕಿತ್ತುಬರುತ್ತದೆ. ಇಳಿಸುವ ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದಿರಬೇಕು.

ಒರೆಸುವ ಬಟ್ಟೆಯ ವಿಷಯ ಸಣ್ಣದೆನಿಸಿದರೂ ಹಾಗಲ್ಲ. ಹತ್ತಿ ಬೆಳೆಯುವ ಜಿಲ್ಲೆಯಲ್ಲಿ ಗ್ಯಾರೇಜಿನವರ ಕೈಯಲ್ಲಿ ಸದಾ ಇರುವುದು ಕಾಟನ್ ವೇಸ್ಟ್. ಅದರ ಎಳೆಯೊಂದು ಗೇರ್‌ಬಾಕ್ಸ್ ಒಳಗಿನ ಕವಾಟದಲ್ಲಿ ಸಿಕ್ಕಿಕೊಂಡರೆ ಗೇರ್ ಸರಿಯಾಗಿ ಬೀಳದು. ಎಳೆ ಬಿಡದ ಬಟ್ಟೆಯನ್ನೇ ಬಳಸಬೇಕು. ಲಾಳಿಕೆ, ಕೈಪಂಪು, ಕೊಳವೆ ಎಲ್ಲವೂ ಇದೇ ಕೆಲಸಕ್ಕೆ ಮೀಸಲಾಗಿರಲಿ. ಎಂಜಿನ್ ಆಯಿಲ್ ಅಥವಾ ಬ್ರೇಕ್ ಆಯಿಲ್ ಅಂಟಿದ ಲಾಳಿಕೆ ಬೇಡ. ಗಾಳಿಯಲ್ಲಿ ಧೂಳು ಹಾರುವ ಹೊತ್ತಿನಲ್ಲಿ ಬಯಲಲ್ಲಿ ಡಬ್ಬಿ ತೆರೆದಿಡುವುದೂ ಬೇಡ.

ಮಟ್ಟ ನೋಡುವುದು: ಬಿಸಿಲುಸೀಮೆಯ ವಿಶೇಷ ತೊಡಕು

ಮನೆಯಲ್ಲಿ ಮಾಡಿದ ಕೆಲಸ ಹೆಚ್ಚಾಗಿ ಹಾಳಾಗುವುದು ಈ ಹಂತದಲ್ಲಿ. ಬಿಸಿಯಾದಂತೆ ಎಟಿಎಫ್ ಗಣನೀಯವಾಗಿ ಹಿಗ್ಗುತ್ತದೆ. ಆದ್ದರಿಂದ ಅದರ ಮಟ್ಟಕ್ಕೆ ಅರ್ಥ ಬರುವುದು ನಿರ್ದಿಷ್ಟ ಉಷ್ಣಾಂಶದಲ್ಲಿ ಮಾತ್ರ. ಹಳೆಯ ಕಾರುಗಳಲ್ಲಿ ಅಳತೆಗೋಲು ಇದ್ದು, ಅದರ ಮೇಲೆ ಬಿಸಿ ಮತ್ತು ತಣ್ಣನೆಯ ಗುರುತುಗಳಿರುತ್ತವೆ. ಹೊಸ ಗೇರ್‌ಬಾಕ್ಸ್ ಹಲವದರಲ್ಲಿ ಅಳತೆಗೋಲೇ ಇಲ್ಲ. ಅದರ ಬದಲು ತುಂಬಿ ಹೊರಚೆಲ್ಲುವ ಬೋಲ್ಟ್ ಒಂದಿರುತ್ತದೆ. ಎಂಜಿನ್ ಚಾಲೂ ಇದ್ದು, ಬ್ರೇಕ್ ಒತ್ತಿ ಗೇರ್ ದಂಡವನ್ನು ಒಂದೊಂದು ಸ್ಥಾನದಲ್ಲಿಯೂ ಕೆಲ ಕ್ಷಣ ನಿಲ್ಲಿಸಿ ಮರಳಿ ‘ಪಿ’ಗೆ ತಂದ ಮೇಲೆ, ದ್ರವವು ಸೂಚಿತ ಉಷ್ಣಾಂಶ ಮುಟ್ಟಿದಾಗ ಆ ಬೋಲ್ಟ್ ತೆಗೆಯಬೇಕು. ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಈ ಉಷ್ಣಾಂಶ 35ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಹೆಚ್ಚಾದ ಎಣ್ಣೆ ಧಾರೆಯಾಗಿ ಹರಿದು, ಧಾರೆ ಹನಿಯಾದಾಗ ಮುಚ್ಚಿದರೆ ಮಟ್ಟ ಸರಿಯಾಯಿತು. ಏನೂ ಹರಿಯದಿದ್ದರೆ ಎಣ್ಣೆ ಕಡಿಮೆ ಇದೆ ಎಂದು ತಿಳಿದು ಮತ್ತಷ್ಟು ಸೇರಿಸಬೇಕು. ಹೋಂಡಾದ ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಎಂಜಿನ್ ನಿಲ್ಲಿಸಿದ ಕೂಡಲೇ ಮಟ್ಟ ನೋಡುವ ಪದ್ಧತಿಯಿದೆ. ಹೀಗಾಗಿ ಕೈಪಿಡಿಗೆ ಪರ್ಯಾಯವಿಲ್ಲ.

ಈ ಸೂಚನೆಗಳನ್ನು ಬರೆದವರು ಬಹುಶಃ ತಂಪು ನಾಡಿನವರು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ರಾಣೆಬೆನ್ನೂರಿನ ಬಿಸಿಲಿಗೆ ನಿಂತ ಕಾರಿನ ಎಣ್ಣೆ, ಎಂಜಿನ್ ಚಾಲೂ ಮಾಡುವ ಮೊದಲೇ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಎಂಜಿನ್ ಚಾಲೂ ಮಾಡಿ ಗೇರ್‌ಗಳನ್ನು ಬದಲಿಸುವಷ್ಟರಲ್ಲಿ 45 ದಾಟಿಹೋಗುತ್ತದೆ. ಆಗ ಬೋಲ್ಟ್ ತೆಗೆದರೆ ಹಿಗ್ಗಿದ ಎಣ್ಣೆ ಅಗತ್ಯಕ್ಕಿಂತ ಹೆಚ್ಚು ಹೊರಚೆಲ್ಲಿ, ‘ಸರಿಯಾಗಿದೆ’ ಎಂದು ಮುಚ್ಚಿದ ಗೇರ್‌ಬಾಕ್ಸ್ ತಣ್ಣಗಾದಾಗ ಎಣ್ಣೆ ಕಡಿಮೆಯಾಗಿರುತ್ತದೆ. ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆದು ಒತ್ತಡ ಕುಸಿಯುತ್ತದೆ, ಬಿಲ್ಲೆಗಳು ಜಾರಿ ಸುಡುತ್ತವೆ. ಹೆಚ್ಚಾದರೂ ಒಳಗಿನ ಗಾಲಿಗಳು ಕಡೆದು ನೊರೆಯೆಬ್ಬಿಸುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಈ ಕೆಲಸಕ್ಕೆ ತಕ್ಕ ಹೊತ್ತೆಂದರೆ ಬೆಳಗಿನ ಆರು ಗಂಟೆ. ಹಿಂದಿನ ದಿನ ಸಂಜೆಯೇ ಎಣ್ಣೆ ಇಳಿಸಿ, ಹೊಸದನ್ನು ತುಂಬಿ, ಕಾರನ್ನು ಚಾಲೂ ಮಾಡದೆ ರಾತ್ರಿಯಿಡೀ ನಿಲ್ಲಿಸಿದರೆ ಮುಂಜಾನೆ ಮಟ್ಟ ನೋಡಲು ನೆಮ್ಮದಿಯ ಕಾಲಾವಕಾಶ ಸಿಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ಈ ಫಜೀತಿಯಿಲ್ಲ.

ಉಷ್ಣಾಂಶ ಅಳೆಯಲು, ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ಓದುವ ಓಬಿಡಿ ಉಪಕರಣ ಬಹುಪಾಲು ಕಾರುಗಳಿಗೆ ನೆರವಾಗುತ್ತದೆ. ಗೇರ್‌ಬಾಕ್ಸ್‌ನ ಉಷ್ಣಾಂಶ ತೋರಿಸುತ್ತದೆಯೇ ಎಂದು ಕೊಳ್ಳುವಾಗಲೇ ವಿಚಾರಿಸಬೇಕು. ಹಲವು ಅಗ್ಗದ ಉಪಕರಣಗಳು ಎಂಜಿನ್ ನೀರಿನ ಉಷ್ಣಾಂಶವನ್ನಷ್ಟೇ ತೋರಿಸುತ್ತವೆ, ಅದು ಇಲ್ಲಿ ಉಪಯೋಗಕ್ಕೆ ಬಾರದು.

ಮೊದಲ ಐವತ್ತು ಕಿಲೋಮೀಟರ್‌ಗಳಲ್ಲಿ ಗೇರ್ ಬೀಳುವ ರೀತಿ ತುಸು ಭಿನ್ನವೆನಿಸಬಹುದು. ಕೆಲವು ಕಾರುಗಳ ಗಣಕಕ್ಕೆ ಹೊಸ ಎಣ್ಣೆಯ ಹದವನ್ನು ಕಲಿಸುವ ಪ್ರಕ್ರಿಯೆಯನ್ನು ಸ್ಕ್ಯಾನರ್ ಮೂಲಕ ಮಾಡಬೇಕಾಗುತ್ತದೆ. ಸಿವಿಟಿಗಳಲ್ಲಿ ಇದು ಹೆಚ್ಚು. ಎರಡು ದಿನ ಬಿಟ್ಟು ಕಾರು ನಿಲ್ಲಿಸಿದ ಜಾಗದಲ್ಲಿ ಹನಿ ಬಿದ್ದಿದೆಯೇ ನೋಡಬೇಕು. ದಾರಿಯಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಹಗ್ಗ ಕಟ್ಟಿ ಎಳೆಯಬಾರದು. ಎಂಜಿನ್ ನಿಂತಾಗ ಗೇರ್‌ಬಾಕ್ಸ್‌ನ ಪಂಪೂ ನಿಲ್ಲುವುದರಿಂದ, ಮೋಟೆಬೆನ್ನೂರಿನಿಂದ ಹಾವೇರಿಯವರೆಗೆ ಎಳೆಯುವಷ್ಟರಲ್ಲಿ ಒಳಗಿನ ಬೇರಿಂಗುಗಳು ಒಣಗಿ ಸವೆಯುತ್ತವೆ.

ಸ್ಕೂಟರಿನವರಿಗೆ ಒಂದು ಮಾತು

ಈ ಪಟ್ಟಣಗಳಿಗೆ ಕಾಲಿಟ್ಟ ಮೊದಲ ಗೇರಿಲ್ಲದ ವಾಹನ ಕಾರಲ್ಲ, ಸ್ಕೂಟರ್. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಿಂದ ಇಂದಿನ ಆಕ್ಟಿವಾವರೆಗೆ ಪೆಟ್ರೋಲ್ ಸ್ಕೂಟರುಗಳಲ್ಲಿರುವುದೂ ಒಂದು ಬಗೆಯ ಸಿವಿಟಿಯೇ. ಆದರೆ ಅದರ ರಬ್ಬರ್ ಪಟ್ಟಿ ಒಣಗಿಯೇ ಓಡುತ್ತದೆ, ಅದಕ್ಕೆ ಹನಿ ಎಣ್ಣೆಯೂ ಸೋಕಬಾರದು. ಹಿಂಗಾಲಿಯ ಬಳಿಯ ಪುಟ್ಟ ಗೇರ್ ಪೆಟ್ಟಿಗೆಯಲ್ಲಿ ಮಾತ್ರ ನೂರು ಮಿಲಿಲೀಟರ್ ಆಸುಪಾಸಿನ ಎಣ್ಣೆಯಿದ್ದು, ಅದನ್ನು ಬದಲಿಸಲು ಎರಡು ಬೋಲ್ಟು, ಒಂದು ಪಾನಾ, ಕಾಲು ತಾಸು ಸಾಕು. ಕೈ ಪಳಗಿಸಿಕೊಳ್ಳಬಯಸುವವರು ಇಲ್ಲಿಂದ ಆರಂಭಿಸಬಹುದು.

ಇಳಿಸಿದ ಎಣ್ಣೆಯ ಗತಿ

ಹಳ್ಳಿಗಾಡಿನಲ್ಲಿ ಹಳೆಯ ಎಣ್ಣೆಯನ್ನು ಎಸೆಯುವವರಿಲ್ಲ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆಯಾಗಿ, ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಅದನ್ನು ಕಾಯ್ದಿಡುವ ರೂಢಿ ಹಳೆಯದು. ಮಿತವ್ಯಯದ ದೃಷ್ಟಿಯಿಂದ ಇದು ಅರ್ಥವಾಗುವಂಥದ್ದೇ. ಆದರೆ ಗೇರ್‌ಬಾಕ್ಸ್‌ನಿಂದ ಇಳಿದ ಎಣ್ಣೆಯಲ್ಲಿ ಲೋಹದ ಪುಡಿ ಮತ್ತು ರಾಸಾಯನಿಕಗಳಿದ್ದು, ಮೆಣಸಿನಕಾಯಿ ಒಣಗಿಸುವ ಕಣ, ಕೊಟ್ಟಿಗೆ, ಬಾವಿಯ ಸುತ್ತಲಿನ ನೆಲ ಇವುಗಳಿಂದ ಅದನ್ನು ದೂರವಿಡಬೇಕು. ಚರಂಡಿಗೆ ಸುರಿದದ್ದು ಮಳೆಗಾಲದಲ್ಲಿ ಕೆರೆಗೋ, ವರದಾ ಅಥವಾ ಕುಮುದ್ವತಿಗೋ ಸೇರಿ ಕೊನೆಗೆ ತುಂಗಭದ್ರೆಯನ್ನು ಮುಟ್ಟುತ್ತದೆ. ಅದೇ ತುಂಗಭದ್ರೆ ಈ ಸೀಮೆಯ ಹಲವು ಊರುಗಳ ಕುಡಿಯುವ ನೀರು. ಬಳಸಿದ ಎಣ್ಣೆಯು 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. 2023ರ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆಯನ್ನು ಎಣ್ಣೆ ಉತ್ಪಾದಕರ ಮೇಲೆ ಹೊರಿಸಲಾಗಿದೆ. ದೊಡ್ಡ ಸರ್ವಿಸ್ ಕೇಂದ್ರಗಳು ಹಳೆಯ ಎಣ್ಣೆಯನ್ನು ಪೀಪಾಯಿಗಳಲ್ಲಿ ಕೂಡಿಟ್ಟು ಪರವಾನಗಿ ಪಡೆದ ಸಂಗ್ರಾಹಕರಿಗೆ ಕೊಡುತ್ತವೆ. ಹೊಸ ಎಣ್ಣೆ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಮೇಲೆ ‘ಹಳೆಯ ಗೇರ್ ಆಯಿಲ್’ ಎಂದು ದಪ್ಪಕ್ಷರದಲ್ಲಿ ಬರೆದು, ಅಂಥ ಕೇಂದ್ರವೊಂದಕ್ಕೆ ಒಪ್ಪಿಸಬೇಕು. ಹೆಸರು ಬರೆಯದ ಡಬ್ಬಿಯನ್ನು ಮನೆಯಲ್ಲಿ ಉಳಿಸಿಕೊಂಡರೆ ಮುಂದೊಂದು ದಿನ ಮನೆಯ ಇನ್ನೊಬ್ಬರು ಅದನ್ನು ಹೊಸ ಎಣ್ಣೆಯೆಂದೇ ಬಗೆದು ಟ್ರ್ಯಾಕ್ಟರಿಗೆ ಸುರಿಯಬಹುದು.